ಅಡ್ಮಿನ್ ಎಂಬ ಹೆಸರು, ಅಡ್ಮಿನ್ ಎಂಬ ಗುಟ್ಟು: ಮನೆ ರೌಟರ್‌ಗಳ ಲಾಗಿನ್ ದೌರ್ಬಲ್ಯ

2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಸಾಲುಸಾಲಾಗಿ ಕೈಕೊಟ್ಟವು. ಪೆಟ್ಟು ತಿಂದ ದೂರಸಂಪರ್ಕ ವೃತ್ತಗಳಲ್ಲಿ ಕರ್ನಾಟಕವೂ ಇತ್ತು. ಶಿಕಾರಿಪುರ, ಸೊರಬ ಅದೇ ವೃತ್ತದ ತಾಲ್ಲೂಕುಗಳು. ಈ ಸೀಮೆಯಲ್ಲಿ ಜುಲೈ ಎಂದರೆ ಮಳೆಗಾಲದ ನಡುಮಧ್ಯ. ಇಂಟರ್ನೆಟ್ ಹೋದರೆ ಮೊದಲ ಅನುಮಾನ ಕೇಬಲ್‌ಗೆ ನೀರಿಳಿಯಿತೇ ಎಂಬುದು, ಆಮೇಲೆ ಎಕ್ಸ್‌ಚೇಂಜ್‌ನಲ್ಲಿ ಕರೆಂಟಿಲ್ಲವೇ ಎಂಬುದು. ಪೆಟ್ಟಿಗೆಯೊಳಗಿನ ತಂತ್ರಾಂಶವನ್ನೇ ದೂರದಲ್ಲಿ ಕೂತ ಯಾರೋ ಕೆಡಿಸಿದ್ದಾರೆ ಎಂದು ಯಾರಿಗೆ ಹೊಳೆದೀತು?

ಆಗಿನ ವರದಿಗಳ ಪ್ರಕಾರ ತೊಂದರೆಗೆ ಸಿಕ್ಕ ಮೋಡೆಮ್‌ಗಳು ಸುಮಾರು 60,000. ಬಳಕೆದಾರರ ಹೆಸರು 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್' ಎಂದೇ ಉಳಿದಿದ್ದವು ಬಲಿಯಾದವು. ಗ್ರಾಹಕರು ಪಾಸ್‌ವರ್ಡ್ ಬದಲಿಸಿಕೊಳ್ಳಬೇಕೆಂದು ಸಂಸ್ಥೆ ಸೂಚಿಸಿತು. 'ಜಾನಿಟರ್' ಎಂಬ ಗುಪ್ತನಾಮದವನೊಬ್ಬ ಇದು ತನ್ನ ಬ್ರಿಕರ್‌ಬಾಟ್‌ನ ಕೆಲಸವೆಂದು ಹೇಳಿಕೊಂಡ. ಆ ವರ್ಷದ ಏಪ್ರಿಲ್‌ನಲ್ಲಿ ರ‍್ಯಾಡ್‌ವೇರ್ ಸಂಸ್ಥೆ ಬೆಳಕಿಗೆ ತಂದಿದ್ದ ಈ ದುಷ್ಟತಂತ್ರಾಂಶ ದೂರದಿಂದ ಲಾಗಿನ್ ಆಗಲು ಬಳಸುವ ಟೆಲ್ನೆಟ್ ಮೂಲಕ ತಯಾರಕರೇ ಇಟ್ಟ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಪ್ರಯತ್ನಿಸಿ, ಒಳಹೊಕ್ಕ ಮೇಲೆ ಸಾಧನದ ಸ್ಮೃತಿಯ ಮೇಲೆ ಅರ್ಥವಿಲ್ಲದ ದತ್ತಾಂಶ ಬರೆದು ಅದನ್ನು ನಿಷ್ಕ್ರಿಯಗೊಳಿಸುತ್ತಿತ್ತು. ದುರ್ಬಲ ಸಾಧನಗಳನ್ನು ಬೇರೆ ದಾಳಿಕೋರರು ವಶಪಡಿಸಿಕೊಳ್ಳುವ ಮೊದಲು ತಾನೇ ಮುಗಿಸುತ್ತೇನೆ ಎಂಬುದು ಅವನ ಸಮರ್ಥನೆ. ರೋಗಿಯನ್ನೇ ಕೊಂದ ವೈದ್ಯನ ವಾದವಿದು.

ಬಿಎಸ್‌ಎನ್‌ಎಲ್ ಮೇಲಿನ ಅವನ ದೂರಿನಲ್ಲಿ ಒಂದು ಅಂಶ ಮಾತ್ರ ತಳ್ಳಿಹಾಕುವಂಥದ್ದಲ್ಲ: 7547ನೇ ಪೋರ್ಟ್ ಹೊರಜಗತ್ತಿಗೆ ತೆರೆದಿತ್ತು ಎಂಬುದು. ಸೇವಾ ಸಂಸ್ಥೆಗಳು ಗ್ರಾಹಕರ ಮನೆಯ ಸಾಧನವನ್ನು ದೂರದಿಂದ ನಿರ್ವಹಿಸಲು ಬಳಸುವ ಬಾಗಿಲು ಇದು. 2016ರ ನವೆಂಬರ್‌ನಲ್ಲಿ ಜರ್ಮನಿಯ ಡಾಯ್ಚೆ ಟೆಲಿಕಾಮ್‌ನ ಸುಮಾರು 9,00,000 ಗ್ರಾಹಕರ ಸಂಪರ್ಕ ಕಡಿದದ್ದೂ ಇದೇ ಪೋರ್ಟನ್ನು ಹುಡುಕಿಬಂದ, ಮಿರಾಯ್ ಎಂಬ ದುಷ್ಟತಂತ್ರಾಂಶದ ತಳಿಯಿಂದ. ಸೇವಾ ಸಂಸ್ಥೆ ಜಾಲದ ಅಂಚಿನಲ್ಲೇ ತಡೆಯಬಹುದಾದದ್ದನ್ನು ಗ್ರಾಹಕರು ಪಾಸ್‌ವರ್ಡ್ ಬದಲಿಸಿ ತಡೆಯಲಾರರು.

ಅಷ್ಟಕ್ಕೂ ಪಾಸ್‌ವರ್ಡ್ ಬದಲಿಸಿದವರೂ ಸುರಕ್ಷಿತರೇನಲ್ಲ. 2013ರ ಅಕ್ಟೋಬರ್‌ನಲ್ಲಿ ಕ್ರೇಗ್ ಹೆಫ್ನರ್ ಎಂಬ ಸಂಶೋಧಕರು ಡಿ-ಲಿಂಕ್‌ನ ಹಳೆಯ ರೌಟರೊಂದರ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಬಿಚ್ಚಿ ನೋಡಿದರು. ಬ್ರೌಸರ್ ತನ್ನ ಪರಿಚಯ ಹೇಳುವ ಜಾಗದಲ್ಲಿ ಒಂದು ನಿರ್ದಿಷ್ಟ ಅಕ್ಷರಮಾಲೆ ಕಳಿಸಿದರೆ ಸಾಕು, ಲಾಗಿನ್ ಕೇಳದೆಯೇ ನಿರ್ವಹಣಾ ಪುಟ ತೆರೆದುಕೊಳ್ಳುತ್ತಿತ್ತು. ಆ ಮಾಲೆಯನ್ನು ತಿರುವುಮುರುವಾಗಿ ಓದಿದಾಗ ಕಂಡದ್ದು 'ಎಡಿಟ್ ಬೈ 04882 ಜೋಯೆಲ್ ಬ್ಯಾಕ್‌ಡೋರ್'. ಹಿಂಬಾಗಿಲಿಟ್ಟವರು ಅದಕ್ಕೆ ಹಿಂಬಾಗಿಲೆಂದೇ ಹೆಸರಿಟ್ಟಿದ್ದರು!

2014ರಲ್ಲಿ ಹೊರಬಿದ್ದ ರಾಮ್-ಝೀರೋ ದೋಷ ಇನ್ನೂ ಸರಳ. ಹಲವು ಎಡಿಎಸ್‌ಎಲ್ ಮೋಡೆಮ್‌ಗಳು ತಮ್ಮ ಸೆಟ್ಟಿಂಗ್‌ಗಳ ಬ್ಯಾಕಪ್ ಕಡತವನ್ನು ಲಾಗಿನ್ ಇಲ್ಲದೆಯೇ ಕೇಳಿದವರಿಗೆಲ್ಲ ಕೊಡುತ್ತಿದ್ದವು. ಅದರೊಳಗೇ ಅಡ್ಮಿನ್ ಪಾಸ್‌ವರ್ಡ್ ಇರುತ್ತಿತ್ತು. ಹೀಗೆ ಒಳಹೊಕ್ಕವನು ಜಾಲತಾಣದ ಹೆಸರನ್ನು ಅದರ ವಿಳಾಸಕ್ಕೆ ಹೊಂದಿಸುವ ಡಿಎನ್‌ಎಸ್ ಸರ್ವರ್‌ನ ವಿಳಾಸವೊಂದನ್ನು ಬದಲಿಸಿದರೆ ಮುಗಿಯಿತು: ಬ್ಯಾಂಕಿನ ಹೆಸರು ಟೈಪ್ ಮಾಡಿದವರು ಅವನು ತೋರಿಸಿದ ಪುಟಕ್ಕೆ ಹೋಗಬಹುದು. ಅದೇ ವರ್ಷದ ಮಾರ್ಚ್‌ನಲ್ಲಿ, ಹೀಗೆ ಡಿಎನ್‌ಎಸ್ ಬದಲಾದ ಸುಮಾರು 3,00,000 ರೌಟರ್‌ಗಳನ್ನು ಟೀಮ್ ಸಿಮ್ರು ಎಂಬ ಭದ್ರತಾ ಸಂಸ್ಥೆ ಪತ್ತೆಹಚ್ಚಿತು.

ಎಲ್ಲಕ್ಕಿಂತ ಹೆಚ್ಚು ಕಲಿಸುವುದು ರಾಮ್‌ಪೇಜರ್ ಪ್ರಕರಣ. ಅಲೆಗ್ರೋ ಸಂಸ್ಥೆಯ ಈ ಪುಟ್ಟ ವೆಬ್ ಸರ್ವರ್‌ನಲ್ಲಿ ವಿಶೇಷವಾಗಿ ಹೆಣೆದ ಕುಕಿ ಕಳಿಸಿ ಅಡ್ಮಿನ್ ಅಧಿಕಾರ ಪಡೆಯಬಹುದಿತ್ತು. ತಯಾರಕರು ದೋಷ ಸರಿಪಡಿಸಿದ್ದು 2005ರಲ್ಲಿ. ಆದರೂ 2014ರ ಡಿಸೆಂಬರ್‌ನಲ್ಲಿ ಭದ್ರತಾ ಸಂಸ್ಥೆ ಚೆಕ್ ಪಾಯಿಂಟ್ ಎಣಿಸಿದಾಗ 189 ದೇಶಗಳ 1.2 ಕೋಟಿ ಸಾಧನಗಳಲ್ಲಿ ಹಳೆಯ ಪ್ರತಿಯೇ ಓಡುತ್ತಿತ್ತು. ಚಿಪ್ ಮಾಡುವವರು ಒಬ್ಬರು, ಪೆಟ್ಟಿಗೆ ಜೋಡಿಸುವವರು ಇನ್ನೊಬ್ಬರು, ಮುದ್ರೆ ಒತ್ತಿ ಹಂಚುವವರು ಮತ್ತೊಬ್ಬರು; ತಿದ್ದುಪಡಿ ಈ ಸರಪಳಿಯ ನಡುವೆಯೇ ಎಲ್ಲೋ ನಿಂತುಬಿಡುತ್ತದೆ. ಶಿಕಾರಿಪುರ-ಸೊರಬ ಸೀಮೆಯ ಆನವಟ್ಟಿಯ ಅಂಗಡಿಯವರಿಗೋ ಶಿರಾಳಕೊಪ್ಪದ ಅಡಿಕೆ ಬೆಳೆಗಾರರಿಗೋ 192.168.1.1 ಎಂಬ ವಿಳಾಸದ ಇಂಗ್ಲಿಷ್ ಪುಟ ತೆರೆದು ಫರ್ಮ್‌ವೇರ್ ತುಂಬಿರಿ ಎನ್ನುವುದು ಜವಾಬ್ದಾರಿಯನ್ನು ಕೈಲಾಗದವರ ಹೆಗಲಿಗೆ ದಾಟಿಸಿದಂತೆ.

ಕಾನೂನು ಈಗ ತಯಾರಕರತ್ತ ತಿರುಗಿದೆ. ಕ್ಯಾಲಿಫೋರ್ನಿಯಾದ ಕಾಯ್ದೆ 2020ರ ಜನವರಿ 1ರಿಂದಲೂ ಬ್ರಿಟನ್ನಿನದು 2024ರ ಏಪ್ರಿಲ್ 29ರಿಂದಲೂ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಪಾಸ್‌ವರ್ಡ್ ಕೊಡುವುದಕ್ಕೆ ತಡೆಯೊಡ್ಡಿವೆ. ಭಾರತದಲ್ಲಿ ದೂರಸಂಪರ್ಕ ಉಪಕರಣಗಳ ಭದ್ರತಾ ಮಾನದಂಡ ರೂಪಿಸುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಬೆಂಗಳೂರಿನಲ್ಲೇ ಇದೆ. ಮನೆಯ ವೈಫೈ ಸಾಧನಗಳಿಗೂ ಅದು ಮಾನದಂಡ ಬರೆದಿದೆ. ಆದರೆ ಪರೀಕ್ಷೆಗೆ ಒಳಗಾಗುವುದು ಹೊಸದಾಗಿ ಮಾರುಕಟ್ಟೆಗೆ ಬರುವ ಸರಕು. ಗೋಡೆಯ ಮೊಳೆಗೆ ನೇತುಬಿದ್ದ ಹಳೆಯ ಎಡಿಎಸ್‌ಎಲ್ ಪೆಟ್ಟಿಗೆಗೆ ಹೊಸ ಫರ್ಮ್‌ವೇರ್ ಕಳಿಸುವವರಿಲ್ಲ, ಅದನ್ನು ಹಿಂಪಡೆಯಲೂ ಯಾರೂ ಬರುವುದಿಲ್ಲ.