ತಿಲಿಸ್ಮ್‌ನಿಂದ ಜಾಸೂಸಿ ದುನಿಯಾದವರೆಗೆ



ಪಠ್ಯಪುಸ್ತಕದ ಅಡಿಯಲ್ಲಿ ಪತ್ತೇದಾರಿ ಕಾದಂಬರಿ ಬಚ್ಚಿಟ್ಟು ಓದಿ ಏಟು ತಿಂದವರು ನಿಮ್ಮ ಹಿರಿಯರಲ್ಲಿ ಅನೇಕರಿದ್ದಾರೆ. ಕೇಳಿ ನೋಡಿ, ನಗುತ್ತಾ ಒಪ್ಪಿಕೊಳ್ಳುತ್ತಾರೆ. ಹಾಗೆ ಕದ್ದು ಓದಿದ ಪುಸ್ತಕಗಳಿಗೂ ಒಂದು ಇತಿಹಾಸವಿದೆ.

ಮರದ ತಿರುಳಿನ ಅಗ್ಗದ ಕಾಗದದ ಮೇಲೆ ಅಚ್ಚಾಗುತ್ತಿದ್ದುದರಿಂದ ಅಮೆರಿಕದಲ್ಲಿ ಇಂತಹ ಪತ್ರಿಕೆಗಳಿಗೆ 'ಪಲ್ಪ್' ಎಂಬ ಹೆಸರು ಬಂತು. ಭಯಾನಕ ಕಥೆಗಳ 'ವಿಯರ್ಡ್ ಟೇಲ್ಸ್' 1923ರಲ್ಲೂ, ವಿಜ್ಞಾನ ಕಥೆಗಳ 'ಅಮೇಜಿಂಗ್ ಸ್ಟೋರೀಸ್' 1926ರಲ್ಲೂ ಆರಂಭವಾದವು. ಆದರೆ ಮಾಯಾಲೋಕದ ಕಥೆ ಅಚ್ಚು ಹಾಕಿ ಜನರಿಗೆ ಹಂಚುವ ಕೆಲಸ ಉರ್ದುವಿನಲ್ಲಿ ಅದಕ್ಕೂ ಮೊದಲೇ ನಡೆದಿತ್ತು. ಲಕ್ನೋದ ಮುನ್ಶಿ ನವಲ್ ಕಿಶೋರ್ ಮುದ್ರಣಾಲಯ 1883ರಿಂದ 'ತಿಲಿಸ್ಮ್-ಎ-ಹೋಶ್‌ರುಬಾ'ವನ್ನು ಪ್ರಕಟಿಸತೊಡಗಿತು. ಮೊದಲ ಸಂಪುಟಗಳನ್ನು ಬರೆದವರು ಮುಹಮ್ಮದ್ ಹುಸೇನ್ ಜಾಹ್, ಪ್ರಕಾಶಕರು ಹಿಂದೂ ಮಹನೀಯರು. ಮಾಂತ್ರಿಕ ಚಕ್ರವರ್ತಿ ಅಫ್ರಾಸಿಯಾಬ್, ಜಗತ್ತನ್ನೇ ತುಂಬಿಕೊಳ್ಳಬಲ್ಲ ಜೋಳಿಗೆಯ ಅಮರ್ ಅಯ್ಯಾರ್! ಇಂದಿನ ಮಕ್ಕಳು ಟಿ.ವಿ.ಯಲ್ಲಿ ನೋಡುವ ಮಾಯಾವಿಗಳು ಇವರ ಮುಂದೆ ಸಪ್ಪೆ ಎಂದೇ ನನ್ನ ಅಭಿಪ್ರಾಯ.

ಈ ದಾಸ್ತಾನುಗಳನ್ನು ಬಾಯಲ್ಲಿ ಹೇಳುತ್ತಿದ್ದ ದೆಹಲಿಯ ಕೊನೆಯ ಪ್ರಸಿದ್ಧ ಕಥೆಗಾರ ಮೀರ್ ಬಾಕರ್ ಅಲಿ ತೀರಿಕೊಂಡದ್ದು 1928ರಲ್ಲಿ. ಅದೇ ವರ್ಷ ಅಲಹಾಬಾದ್ ಜಿಲ್ಲೆಯ ನಾರಾ ಗ್ರಾಮದಲ್ಲಿ ಅಸ್ರಾರ್ ಅಹ್ಮದ್ ಹುಟ್ಟಿದರು. ಬಾಲ್ಯದಲ್ಲಿ ಹೋಶ್‌ರುಬಾ ಓದಿ ಬೆಳೆದ ಇವರೇ ಮುಂದೆ ಇಬ್ನೆ ಸಫೀ ಆದರು. ಅಶ್ಲೀಲತೆ ಇಲ್ಲದೆ ಉರ್ದುವಿನಲ್ಲಿ ಜನಪ್ರಿಯ ಪುಸ್ತಕ ಮಾರಾಟವಾಗದು ಎಂದು ಗೆಳೆಯರ ನಡುವೆ ಮಾತು ಬಂದಾಗ, ಆಗುತ್ತದೆ ಎಂದು ವಾದಿಸಿದವರು ಅವರು. 1952ರಲ್ಲಿ 'ಜಾಸೂಸಿ ದುನಿಯಾ' ಮಾಲೆ ಶುರುವಾಯಿತು. ಅದೇ ವರ್ಷ ಅವರು ಪಾಕಿಸ್ತಾನಕ್ಕೆ ಹೋದರೂ ಪುಸ್ತಕಗಳು ಅಲಹಾಬಾದಿನಿಂದ ಬರುವುದು ನಿಲ್ಲಲಿಲ್ಲ. 1955ರಲ್ಲಿ 'ಇಮ್ರಾನ್ ಸೀರೀಸ್' ಬಂತು. ಹೋಶ್‌ರುಬಾದಲ್ಲಿ ಮಂತ್ರ ಮಾಡುತ್ತಿದ್ದ ಕೆಲಸವನ್ನು ಅವರ 'ಝೀರೋ ಲ್ಯಾಂಡ್' ಎಂಬ ಗುಪ್ತ ರಾಜ್ಯದಲ್ಲಿ ಯಂತ್ರಗಳು ಮಾಡಿದವು. 1980ರಲ್ಲಿ ನಿಧನರಾಗುವವರೆಗೆ ಸುಮಾರು 245 ಕಾದಂಬರಿ ಬರೆದರು.

ನಮ್ಮ ಕನ್ನಡದಲ್ಲಿ ಅದೇ ದಶಕದಿಂದ ಎನ್. ನರಸಿಂಹಯ್ಯನವರು 'ಪತ್ತೇದಾರ ಪುರುಷೋತ್ತಮ'ನನ್ನು ಮನೆಮಾತಾಗಿಸಿದರು. ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಬರೆದದ್ದು ಮಾತ್ರ ಐದುನೂರಕ್ಕೂ ಹೆಚ್ಚು ಕಾದಂಬರಿ. 2011ರಲ್ಲಿ ಅವರು ತೀರಿಕೊಂಡರು. ಕೂಡಿಸಿ ಕೂಡಿಸಿ ಓದುವವರೂ ಮುಂದೇನಾಯಿತೆಂಬ ಕುತೂಹಲಕ್ಕೆ ಪುಟ ಮಗುಚಿದರು. ಇದನ್ನು ಸಾಹಿತ್ಯವೆನ್ನಬೇಕೋ ಬೇಡವೋ ವಿದ್ವಾಂಸರು ಚರ್ಚಿಸಲಿ. ಭಾಷೆ ಕಲಿಸುವ ನನಗೆ ಪುಟ ಮಗುಚಿದ್ದು ಮುಖ್ಯ. ಇಂದು ಮನೆಯಲ್ಲಿ ಉರ್ದು ಮಾತನಾಡುವ ಮಕ್ಕಳೇ ಉರ್ದು ಲಿಪಿಯ ಒಂದು ಪುಟ ಓದಲು ತಡವರಿಸುತ್ತಾರೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ಅಟ್ಟದ ಮೇಲೆ, ತಂದೆ-ತಾತಂದಿರ ಟ್ರಂಕುಗಳಲ್ಲಿ ಇಂತಹ ಪುಸ್ತಕಗಳಿದ್ದರೆ ರದ್ದಿಗೆ ಹಾಕಬೇಡಿ. ಆ ಕಾಗದದಲ್ಲಿ ಆಮ್ಲವಿರುವುದರಿಂದ ತಾನಾಗಿಯೇ ಹಳದಿಯಾಗಿ ಪುಡಿಯಾಗುತ್ತದೆ. ಬಿಸಿಲು, ತೇವ ತಾಗದಂತೆ ಬಟ್ಟೆಯಲ್ಲಿ ಸುತ್ತಿಡಿ. ಓದಲು ಬರುವ ಹಿರಿಯರು ಮನೆಯಲ್ಲಿದ್ದರೆ, ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಅಧ್ಯಾಯ ಗಟ್ಟಿಯಾಗಿ ಓದಿಸಿ.