ಕಬ್ಬಿಣವನ್ನು ಕಳಚಿಕೊಂಡ ಕಾಂತ

‘ಅಯಸ್ಕಾಂತ’ವನ್ನು ಬಿಡಿಸಿದರೆ ಅಯಸ್ಸಿನ, ಅಂದರೆ ಕಬ್ಬಿಣದ, ಕಾಂತ ಎಂದಾಗುತ್ತದೆ, ಬಯಸು ಎಂಬ ಅರ್ಥದ ‘ಕಮ್’ ಧಾತುವಿನಿಂದ ಹುಟ್ಟಿದ ‘ಕಾಂತ’ನೆಂದರೆ ಪ್ರಿಯ. ಬಿಸಿಲು ಸೋಕಿದರೆ ಕಿಡಿಯುಗುಳುವ ಸೂರ್ಯಕಾಂತ, ಬೆಳದಿಂಗಳಿಗೆ ಒಸರುವ ಚಂದ್ರಕಾಂತ ಎಂಬ ಕವಿಸಮಯದ ಶಿಲೆಗಳ ಸಾಲಿನಲ್ಲಿ ನಿಲ್ಲುವ ಈ ಪದವನ್ನು ಕಾಳಿದಾಸನು ‘ಕುಮಾರಸಂಭವ’ದಲ್ಲಿ, ಶಿವನ ಮನಸ್ಸನ್ನು ಉಮೆಯ ರೂಪದಿಂದ ಸೆಳೆಯಿರೆಂದು ಬ್ರಹ್ಮನು ದೇವತೆಗಳಿಗೆ ಹೇಳುವಲ್ಲಿ, ಉಪಮಾನವಾಗಿ ತಂದಿದ್ದಾನೆ. ಕನ್ನಡದ ‘ಸೂಜಿಗಲ್ಲು’ ಈ ಶೃಂಗಾರದ ಗೊಡವೆಗೆ ಹೋಗದೆ ಸೂಜಿಯು ಕಲ್ಲಿಗೆ ಅಂಟುವ ಕಣ್ಣೆದುರಿನ ಸಂಗತಿಯನ್ನಷ್ಟೇ ಹೇಳುತ್ತದೆ. ಆ ಸೂಜಿಯ ಚಲನೆಗೆ ವೈಶೇಷಿಕಸೂತ್ರವು ಕೊಟ್ಟ ಕಾರಣ ‘ಅದೃಷ್ಟ’, ಎಂದರೆ ಕಾಣದ್ದು.

ಕಾಣದ ಈ ಕಾರಣದ ಒಂದು ಅಂಚು ಬಯಲಾದದ್ದು 1820ರಲ್ಲಿ. ಕೋಪನ್‌ಹೇಗನ್ನಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್, ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡನು. ತಂತಿ ಅಪ್ಪಟ ತಾಮ್ರದ್ದಾಗಿದ್ದರೂ, ವಿದ್ಯುತ್ತು ಹರಿಯುವಷ್ಟು ಹೊತ್ತು ಅದರ ಸುತ್ತ ಕಾಂತಕ್ಷೇತ್ರವಿರುತ್ತದೆ, ಅಂದರೆ ಅಯಸ್ಕಾಂತದ ಪ್ರಭಾವ ಹರಡಿದ ವಲಯವಿರುತ್ತದೆ. ಕಬ್ಬಿಣವೂ ಬೇಡ, ಕಲ್ಲೂ ಬೇಡವೆಂದ ಮೇಲೆ ಕಾಂತಕ್ಷೇತ್ರ, ಕಾಂತತ್ವ, ವಿದ್ಯುತ್ಕಾಂತ ಎಂಬ ಪಾರಿಭಾಷಿಕ ಪದಗಳು ‘ಅಯಸ್ಸ’ನ್ನು ಕೈಬಿಟ್ಟದ್ದು ಬಹಳ ಸರಿಯಾದ ಕೆಲಸ, ವಿದ್ಯುತ್ಕಾಂತವೆಂಬ ಸಾಧನದ ಸುರುಳಿಯೊಳಗೆ ಮೆದು ಕಬ್ಬಿಣದ ತಿರುಳೊಂದು ಉಳಿದಿದೆಯಾದರೂ ಅದು ಬಲವನ್ನು ಹೆಚ್ಚಿಸಲು ಮಾತ್ರ.

ಆದರೆ ‘ಕಾಂತ’ ಎಂಬ ಉಳಿದ ಭಾಗವೇ ಓದುವವರ ದಾರಿ ತಪ್ಪಿಸಬಲ್ಲದು. ಅದು ಸೆಳೆತವನ್ನಷ್ಟೇ ಸೂಚಿಸುತ್ತದೆ. ಅರ್ಸ್ಟೆಡ್ ಕಂಡ ಮುಳ್ಳಾದರೋ ತಂತಿಯತ್ತ ಧಾವಿಸದೆ ಅದಕ್ಕೆ ಅಡ್ಡವಾಗಿ ನಿಲ್ಲಲು ಹೊರಳಿತ್ತು. ಕಾಂತಕ್ಷೇತ್ರದಲ್ಲಿರುವ ತಂತಿಯ ಮೇಲೂ ಬಲವು ಹೀಗೆಯೇ, ಕ್ಷೇತ್ರಕ್ಕೂ ವಿದ್ಯುತ್ ಪ್ರವಾಹಕ್ಕೂ ಲಂಬವಾಗಿ ಬೀಳುತ್ತದೆ, ಮನೆಯ ಫ್ಯಾನು ತಿರುಗುವುದು ಈ ಅಡ್ಡನೂಕಿನಿಂದಲೇ. ಇನ್ನು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದಂತೆ, ತಂತಿಯ ಸುರುಳಿಯೊಳಗೆ ಅಯಸ್ಕಾಂತವು ಸುಮ್ಮನೆ ಇದ್ದರೆ ಏನೂ ಆಗುವುದಿಲ್ಲ, ಅದು ಒಳಹೊರಗೆ ಚಲಿಸುತ್ತಿರುವಾಗ ಮಾತ್ರ ವಿದ್ಯುತ್ತು ಹುಟ್ಟುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತನ್ನು ಕಾವೇರಿಯ ನೀರು ಉತ್ಪಾದಿಸಿದ್ದು ಇದೇ ತತ್ತ್ವದಿಂದ. ಪ್ರಿಯನೆಂಬ ಮಾತಿನಲ್ಲಿ ಈ ಅಡ್ಡತನವೂ ಇಲ್ಲ, ಚಲನೆಯೂ ಇಲ್ಲ.

ಅಷ್ಟಿದ್ದೂ ಈ ಪದವನ್ನು ಬಿಟ್ಟುಕೊಡಲು ಮನಸ್ಸಾಗದು. ವಿದ್ಯುತ್ತು ಮತ್ತು ಕಾಂತತ್ವಗಳ ಸಮೀಕರಣಗಳನ್ನು ಒಂದಾಗಿ ಹೆಣೆದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್, ಬೆಳಕೇ ಒಂದು ವಿದ್ಯುತ್ಕಾಂತೀಯ ಅಲೆಯೆಂಬ ನಿರ್ಣಯವನ್ನು 1865ರ ಪ್ರಬಂಧದಲ್ಲಿ ಮುಂದಿಟ್ಟನು. ‘ವಿದ್ಯುತ್’ ಹುಟ್ಟಿದ್ದು ಹೊಳೆ ಎಂಬ ಅರ್ಥದ ‘ದ್ಯುತ್’ ಧಾತುವಿನಿಂದ. ‘ಕಾಂತ’ನನ್ನು ಕೊಟ್ಟ ‘ಕಮ್’ ಧಾತುವಿನಿಂದಲೇ ಬಂದದ್ದು ‘ಕಾಂತಿ’.