ಗೆಲಾಕ್ಸಿಗಳು ಡಿಕ್ಕಿ ಹೊಡೆದಾಗ

ಎರಡು ಗೆಲಾಕ್ಸಿಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಅವುಗಳ ನಕ್ಷತ್ರಗಳೆಲ್ಲ ಬಡಿದುಕೊಂಡು ಪುಡಿಯಾಗುತ್ತವೆ ಎಂದು ವೀಕ್ಷಕರು ಊಹಿಸಿದರೆ ಆಶ್ಚರ್ಯವಿಲ್ಲ. ಆದರೆ ಹಾಗಾಗುವುದಿಲ್ಲ. ನಕ್ಷತ್ರಗಳ ಗಾತ್ರಕ್ಕೆ ಹೋಲಿಸಿದರೆ ಅವುಗಳ ನಡುವಿನ ಅಂತರ ಅಪಾರ. ಒಂದು ಗೆಲಾಕ್ಸಿ ಇನ್ನೊಂದರೊಳಗೆ ಹಾದುಹೋದರೂ ನಕ್ಷತ್ರಕ್ಕೆ ನಕ್ಷತ್ರ ತಾಗುವುದು ತೀರ ಅಪರೂಪ. ನಿಜವಾಗಿ ಅಪ್ಪಳಿಸುವುದು ನಡುವೆ ಹರಡಿರುವ ಅನಿಲ. ಕಥೆಯೆಲ್ಲ ಇರುವುದು ಈ ಅನಿಲದಲ್ಲೇ.

ಈ ಅಧ್ಯಯನದ ಆರಂಭ ಸ್ವಾರಸ್ಯಕರವಾದದ್ದು. 1941ರಲ್ಲಿ ಲೆಕ್ಕ ಹಾಕಿಕೊಡುವ ಗಣಕಯಂತ್ರಗಳಿರಲಿಲ್ಲ. ಸ್ವೀಡನ್ನಿನ ಎರಿಕ್ ಹೋಲ್ಮ್‌ಬರ್ಗ್ ಒಂದು ಉಪಾಯ ಹೂಡಿದರು. ದೂರ ಎರಡರಷ್ಟಾದರೆ ದೀಪದ ಬೆಳಕು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ, ಗುರುತ್ವವೂ ಹಾಗೆಯೇ. ಅಂದಮೇಲೆ ನಕ್ಷತ್ರಗಳ ಬದಲು ಬಲ್ಬುಗಳನ್ನೇಕೆ ಇಡಬಾರದು? ಗೆಲಾಕ್ಸಿಗೆ 37ರಂತೆ 74 ಬಲ್ಬುಗಳನ್ನು ಹರಡಿದರು. ಒಂದೊಂದರ ಜಾಗದಲ್ಲೂ ಬೀಳುವ ಬೆಳಕನ್ನು ಫೋಟೊಸೆಲ್‌ನಿಂದ ಅಳೆದು, ಅಷ್ಟೇ ಸೆಳೆತವೆಂದು ಲೆಕ್ಕಹಾಕಿ, ಬಲ್ಬುಗಳನ್ನು ಸ್ವಲ್ಪ ಸರಿಸಿ, ಮತ್ತೆ ಅಳೆದರು. ಬಲ್ಬುಗಳ ಸಾಲೆಂದರೆ ಮದುವೆಮನೆಯ ನೆನಪಾಗುವ ನಮಗೆ ಆ ತಾಳ್ಮೆ ಕಲ್ಪನೆಗೂ ನಿಲುಕದು! ಹತ್ತಿರ ಬಂದ ಗೆಲಾಕ್ಸಿಗಳು ಆಕಾರಗೆಟ್ಟು ಸುರುಳಿ ತೋಳುಗಳನ್ನು ಚಾಚಿದವು.

1966ರಲ್ಲಿ ಹಾಲ್ಟನ್ ಆರ್ಪ್ 338 ವಿಚಿತ್ರ ಗೆಲಾಕ್ಸಿಗಳ ಚಿತ್ರಸಂಪುಟ ತಂದರು. ಅವುಗಳ ಉದ್ದನೆಯ ತೆಳು ಬಾಲಗಳು ಬರಿಯ ಗುರುತ್ವದಿಂದ ಆದುವೆಂದು ಹಲವರು ನಂಬಲಿಲ್ಲ. 1972ರಲ್ಲಿ ಅಲಾರ್ ಮತ್ತು ಯೂರಿ ಟೂಮ್ರೆ ಸೋದರರು ಗಣಕಯಂತ್ರದಲ್ಲಿ ಅಂಥವೇ ಬಾಲಗಳನ್ನು ಮೂಡಿಸಿ ತೋರಿಸಿದರು. ಡಿಕ್ಕಿಯ ಅಲುಗಾಟ ಅನಿಲವನ್ನು ಒಳಕ್ಕೆ ನೂಕಿ ಗೆಲಾಕ್ಸಿಯ ನಡುವಿಗೆ ಹೊಸ ಇಂಧನ ಒದಗಿಸೀತೇ ಎಂಬ ಪ್ರಶ್ನೆಯನ್ನೂ ಎತ್ತಿದರು.

ಉತ್ತರದ ಮೊದಲರ್ಧ ಬೇಗ ಸಿಕ್ಕಿತು. 1978ರಲ್ಲಿ ರಿಚರ್ಡ್ ಲಾರ್ಸನ್ ಮತ್ತು ಬಿಯಾಟ್ರಿಸ್ ಟಿನ್ಸ್‌ಲಿ ಆರ್ಪ್ ಸಂಪುಟದ ಗೆಲಾಕ್ಸಿಗಳ ಬಣ್ಣಗಳನ್ನು ಸಾಮಾನ್ಯ ಗೆಲಾಕ್ಸಿಗಳ ಬಣ್ಣಗಳೊಡನೆ ಹೋಲಿಸಿ, ಕದಡಿದ ಗೆಲಾಕ್ಸಿಗಳಲ್ಲಿ ಈಚೆಗೆ ನಕ್ಷತ್ರಗಳು ಗುಂಪುಗುಂಪಾಗಿ ಹುಟ್ಟಿವೆಯೆಂದು ತೋರಿಸಿದರು. 1983ರಲ್ಲಿ ಹಾರಿದ ಐರಾಸ್ ಉಪಗ್ರಹ ಧೂಳಿನ ಮರೆಯಲ್ಲಿದ್ದುದನ್ನೂ ಬಯಲಿಗೆಳೆಯಿತು. ಎರಡು ಗೆಲಾಕ್ಸಿಗಳು ಬೆರೆತು ಆದ ಆರ್ಪ್ 220, ಸೂರ್ಯನ ಲಕ್ಷ ಕೋಟಿ ಪಟ್ಟಿಗೂ ಮಿಕ್ಕ ಶಕ್ತಿಯನ್ನು ಹೊರಸೂಸುತ್ತದೆ. ಅದರ ಬಹುಪಾಲು ಅವಕೆಂಪು ಕಿರಣಗಳ ರೂಪದಲ್ಲಿ.

ಇನ್ನರ್ಧ ಜಟಿಲ. ಕೆಲವು ಗೆಲಾಕ್ಸಿಗಳ ನಡುವಿನ ಬೃಹತ್ ಕಪ್ಪುಕುಳಿ ಅನಿಲವನ್ನು ನುಂಗುತ್ತ ಪ್ರಜ್ವಲಿಸುತ್ತದೆ. ಇವೇ ಸಕ್ರಿಯ ಕೇಂದ್ರಗಳು. ಡಿಕ್ಕಿಯೇ ಇವನ್ನು ಹೊತ್ತಿಸುತ್ತದೆಯೇ? ಬೆರೆಯುತ್ತಿರುವ ಎನ್‌ಜಿಸಿ 6240ರಲ್ಲಿ ಅಂಥ ಎರಡು ಕುಳಿಗಳಿರುವುದನ್ನು ಚಂದ್ರಾ ದೂರದರ್ಶಕ 2002ರಲ್ಲಿ ತೋರಿಸಿದಾಗ ಹೌದೆಂದೇ ಅನ್ನಿಸಿತು. ಆದರೆ 2011ರಲ್ಲಿ ಹಬಲ್ ಚಿತ್ರಗಳಲ್ಲಿನ 140 ಸಕ್ರಿಯ ಗೆಲಾಕ್ಸಿಗಳನ್ನು ಪರೀಕ್ಷಿಸಿದಾಗ, ಅವು ಉಳಿದವುಗಳಿಗಿಂತ ಹೆಚ್ಚು ಕದಡಿದ್ದಂತೆ ಕಾಣಲಿಲ್ಲ. ನನ್ನ ದೃಷ್ಟಿಯಲ್ಲಿ ಇದರಿಂದ ಟೂಮ್ರೆ ಸೋದರರ ಊಹೆ ಬಿದ್ದುಹೋಗದು. ಅದರ ವ್ಯಾಪ್ತಿ ಕುಗ್ಗುತ್ತದೆ, ಅಷ್ಟೆ. ಸುತ್ತುತ್ತಿರುವ ಅನಿಲ ನೇರವಾಗಿ ಕುಳಿಗೆ ಬೀಳಲಾರದು. ತನ್ನ ತಿರುಗುವ ವೇಗವನ್ನೆಲ್ಲ ಹೆಚ್ಚುಕಡಿಮೆ ಕಳೆದುಕೊಂಡೇ ಇಳಿಯಬೇಕು. ಅದಕ್ಕೆ ಕೋಟ್ಯಂತರ ವರ್ಷ ಹಿಡಿದೀತು. ಅಷ್ಟರಲ್ಲಿ ಡಿಕ್ಕಿಯ ಬಾಲಗಳೂ ಮಾಸಿಹೋಗಿರಬಹುದು.